ಸಮೀಕರಣದೊಳಗೆ ಕನ್ನಡ ಪದ ವಾಲಿಕೊಂಡು ಬರುತ್ತಿದೆ, ನೆಟ್ಟಗೆ ಮಾಡುವುದು ಹೇಗೆ?

ಕುಷ್ಟಗಿ ಗಣಿತ ಮೇಷ್ಟ್ರು (ರಾತ್ರಿ 8.50)
ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಸರಣಿ ಪರೀಕ್ಷೆಗೆ ಗಣಿತ ಪೇಪರ್ ನಾನೇ ಟೈಪ್ ಮಾಡುತ್ತಿದ್ದೇನೆ. ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆಆಫೀಸ್ ಇದೆ, ವರ್ಡ್ ಥರದ್ದೇ ಸಾಫ್ಟ್‌ವೇರ್. ಅದರ ಫಾರ್ಮುಲಾ ಕಿಟಕಿಯಲ್ಲಿ "ತ್ರಿಭುಜದ ವಿಸ್ತೀರ್ಣ = ½ × ಪಾದ × ಎತ್ತರ" ಅಂತ ಹಾಕಿದರೆ ಕನ್ನಡ ಪದಗಳೆಲ್ಲ ಬಲಕ್ಕೆ ವಾಲಿಕೊಂಡು ಬರುತ್ತವೆ. "ವಿಸ್ತೀರ್ಣ"ದ ಒತ್ತು ಎಲ್ಲೋ ಹೋಗಿ ಕೂತಿದೆ. ಪದಗಳ ನಡುವೆ ಸ್ಪೇಸ್ ಬಾರ್ ಎಷ್ಟು ಒತ್ತಿದರೂ ಜಾಗ ಬರುವುದಿಲ್ಲ.

ಇಡೀ ಸಮೀಕರಣ ಸೆಲೆಕ್ಟ್ ಮಾಡಿ ಇಟಾಲಿಕ್ ತೆಗೆಯೋಣ ಅಂದರೆ ಆ ಬಟನ್ ಕೆಲಸವೇ ಮಾಡುವುದಿಲ್ಲ. ಯಾರಾದರೂ ಹೇಳಿಕೊಡಿ. ನಾಳೆ ಬೆಳಿಗ್ಗೆ 8ಕ್ಕೆ ಝೆರಾಕ್ಸ್‌ಗೆ ಕೊಡಬೇಕು.

ಮೊಬೈಲಿನಿಂದ ಬರೆಯುತ್ತಿದ್ದೇನೆ, ಕನ್ನಡ ಕೀಬೋರ್ಡ್ ಒಂದೇ ಇದೆ. ಎಕ್ಸ್, ವೈ ಅಂತಲೇ ಬರೆಯುತ್ತೇನೆ, ಅರ್ಥ ಮಾಡಿಕೊಳ್ಳಿ.

ಗಂಗಾವತಿ ಡಿಟಿಪಿ (8.58)
ಸರ್, ಪಿಕ್ಚರ್ ಮಾಡಿ ಹಾಕಿಬಿಡಿ. ನಾವು ಅಂಗಡಿಯಲ್ಲಿ ಅದನ್ನೇ ಮಾಡುತ್ತೇವೆ.

ಸಿರುಗುಪ್ಪ ಮೇಡಂ (9.01)
ಪಿಕ್ಚರ್ ಬೇಡ. ಝೆರಾಕ್ಸ್ ಆದ ಮೇಲೆ ಅರ್ಧ ಅಕ್ಷರ ಮಾಸಿ ಹೋಗುತ್ತದೆ. ಹೋದ ವರ್ಷ ನಮ್ಮಲ್ಲಿ 3 ಯಾವುದು 8 ಯಾವುದು ಅಂತ ಗೊತ್ತಾಗದೆ ಕೊಠಡಿ ಕೊಠಡಿಗೆ ಹೋಗಿ ಬೋರ್ಡ್ ಮೇಲೆ ಬರೆದು ಬಂದೆವು.

ಲಿನಕ್ಸ್ ಲಿಂಗಸುಗೂರು (9.06)
ಮೇಷ್ಟ್ರೇ, ಬಟನ್ ಕೆಟ್ಟಿಲ್ಲ. ಆ ಕಿಟಕಿ ಬರವಣಿಗೆಯ ಕಿಟಕಿ ಅಲ್ಲ, ಲೆಕ್ಕದ ಕಿಟಕಿ. ಅಲ್ಲಿ ನೀವು ಯಾವ ಅಕ್ಷರ ಹಾಕಿದರೂ ಅದು "ಓಹೋ, ಇದು ಚರಾಕ್ಷರ" ಅಂದುಕೊಳ್ಳುತ್ತದೆ. ಚರಾಕ್ಷರ ಅಂದ ಮೇಲೆ ವಾಲಿಸುವುದು ಅದರ ಕೆಲಸ. ನಿಮ್ಮ "ಪಾದ" ಅದಕ್ಕೆ ಎಕ್ಸ್‌ನ ತಮ್ಮನ ಹಾಗೆ ಕಾಣುತ್ತಿದೆ.

ಇದು ಪದ, ಚರಾಕ್ಷರ ಅಲ್ಲ ಅಂತ ಹೇಳಲು ಒಂದೇ ದಾರಿ: ಡಬಲ್ ಕೋಟ್ ಒಳಗೆ ಹಾಕಿ. ಕೆಳಗಿನ ಕಮಾಂಡ್ ಕಿಟಕಿಯಲ್ಲಿ ಹೀಗೆ:

"ತ್ರಿಭುಜದ ವಿಸ್ತೀರ್ಣ" = 1 ಓವರ್ 2 ಟೈಮ್ಸ್ "ಪಾದ" ಟೈಮ್ಸ್ "ಎತ್ತರ"

ಓವರ್, ಟೈಮ್ಸ್ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಕೋಟ್ ಒಳಗಿನದು ನೆಟ್ಟಗೆ ಬರುತ್ತದೆ, ಒತ್ತು ತನ್ನ ಜಾಗದಲ್ಲಿ ಕೂರುತ್ತದೆ, ಸ್ಪೇಸ್ ಕೂಡ ಉಳಿಯುತ್ತದೆ. ಕೋಟ್ ಹೊರಗೆ ಸ್ಪೇಸ್ ಬಾರ್‌ಗೆ ಬೆಲೆ ಇಲ್ಲ. ಅಲ್ಲಿ ಜಾಗ ಬೇಕಾದರೆ ಅಲೆಯ ಚಿಹ್ನೆ ~ ಹಾಕಬೇಕು. ಸಣ್ಣ ಜಾಗ ಸಾಕು ಅಂದರೆ ಅದೇ ಕೀಲಿಯಲ್ಲಿರುವ ಹಿಮ್ಮುಖ ಕೋಟ್ `.

ಕುಷ್ಟಗಿ ಗಣಿತ ಮೇಷ್ಟ್ರು (9.15)
ಅಯ್ಯೋ, ಬಂತು! ಇಷ್ಟೇನಾ? ಸಂಜೆ 5ರಿಂದ ಒದ್ದಾಡುತ್ತಿದ್ದೆ. ಆದರೆ ಕನ್ನಡ ಅಕ್ಷರ ತುಂಬಾ ತೆಳ್ಳಗೆ, ಏನೋ ಬೇರೆ ಥರ ಕಾಣುತ್ತಿದೆ. ಮೇಲಿನ ಪ್ರಶ್ನೆಯ ಅಕ್ಷರಕ್ಕೂ ಇದಕ್ಕೂ ಹೊಂದುತ್ತಿಲ್ಲ.

ಲಿನಕ್ಸ್ ಲಿಂಗಸುಗೂರು (9.19)
ಅದು ಫಾಂಟ್ ಕಥೆ. ಫಾರ್ಮುಲಾ ತೆರೆದಿರುವಾಗ ಮೇಲೆ ಫಾರ್ಮ್ಯಾಟ್ ಮೆನುವಿಗೆ ಹೋಗಿ, ಫಾಂಟ್ಸ್ ಒತ್ತಿ. ಅಲ್ಲಿ ಚರಾಕ್ಷರ, ಫಂಕ್ಷನ್, ಅಂಕಿ, ಪಠ್ಯ ಅಂತ ಬೇರೆ ಬೇರೆ ಸಾಲು ಕಾಣುತ್ತವೆ. ಪ್ರತಿಯೊಂದಕ್ಕೂ ಬೇರೆ ಫಾಂಟ್ ಕೊಡಬಹುದು. ಮಾಡಿಫೈ ಒತ್ತಿ ಪಠ್ಯದ ಸಾಲಿಗೆ ಪೇಪರ್‌ನಲ್ಲಿ ಬಳಸಿರುವ ಕನ್ನಡ ಫಾಂಟನ್ನೇ ಕೊಡಿ, ನೋಟೋ ಸಾನ್ಸ್ ಕನ್ನಡವೋ ಲೋಹಿತವೋ ಯಾವುದಾದರೂ. ಚರಾಕ್ಷರದ ಸಾಲನ್ನು ಮುಟ್ಟಬೇಡಿ.

ಆಮೇಲೆ ಅದೇ ಕಿಟಕಿಯಲ್ಲಿ ಡಿಫಾಲ್ಟ್ ಅಂತ ಬಟನ್ ಇದೆ. ಒತ್ತಿದರೆ ಮುಂದೆ ಮಾಡುವ ಎಲ್ಲ ಸಮೀಕರಣಕ್ಕೂ ಅದೇ ಬರುತ್ತದೆ. ಆದರೆ ಈಗಾಗಲೇ ಮಾಡಿಟ್ಟಿರುವುದು ಬದಲಾಗುವುದಿಲ್ಲ. ಪ್ರತಿ ಸಮೀಕರಣವೂ ತನ್ನ ಫಾಂಟನ್ನು ತನ್ನ ಜೇಬಲ್ಲೇ ಇಟ್ಟುಕೊಂಡಿರುತ್ತದೆ.

ಕುಷ್ಟಗಿ ಗಣಿತ ಮೇಷ್ಟ್ರು (9.21)
ಈಗಾಗಲೇ 31 ಮಾಡಿಟ್ಟಿದ್ದೇನಲ್ಲಪ್ಪಾ.

ಲಿನಕ್ಸ್ ಲಿಂಗಸುಗೂರು (9.22)
ಚಹಾ ಇಟ್ಟುಕೊಳ್ಳಿ ಸರ್.

ಬಳ್ಳಾರಿ ಬಿಸಿಲು (9.27)
ಒಂದು ಪ್ರಶ್ನೆ. ಅಕ್ಷರ ವಾಲಿದರೆ ಏನು ನಷ್ಟ? ಮಕ್ಕಳು ಓದುತ್ತಾರೆ, ಬರೆಯುತ್ತಾರೆ. ಬೋರ್ಡ್ ಮೇಲೆ ನಾವು ಬರೆಯುವುದೂ ಅರ್ಧ ಸೊಟ್ಟಗೇ ಇರುತ್ತದೆ. ಸುಮ್ನೆ ಇಲ್ಲದ ತಲೆನೋವು.

ಸಿರುಗುಪ್ಪ ಮೇಡಂ (9.36)
ನಷ್ಟ ಇದೆ. ನಾನು ವಿಜ್ಞಾನ ಕೂಡ ತೆಗೆದುಕೊಳ್ಳುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಒಂಬತ್ತನೇ ತರಗತಿ ಚಲನೆಯ ಪಾಠದ ಪೇಪರ್. ವೇಗ 20 ಎಂ/ಎಸ್ ಅಂತ ಸಮೀಕರಣದೊಳಗೇ ಟೈಪ್ ಮಾಡಿದ್ದೆ, ಎಂ, ಎಸ್ ಎರಡೂ ವಾಲಿಕೊಂಡು ಬಂದಿದ್ದವು. ಅದೇ ಪ್ರಶ್ನೆಯಲ್ಲಿ ದೂರಕ್ಕೂ ಎಸ್ ಅಂತಲೇ ಕೊಟ್ಟಿದ್ದೆ. ಒಬ್ಬ ಹುಡುಗ ಎರಡೂ ಕಡೆಯ ಎಸ್ ಹೊಡೆದು ಹಾಕಿ, ಎಂ ಎಷ್ಟು ಅಂತ ಕಂಡುಹಿಡಿದು, ಕೆಳಗೆ ಎರಡು ಗೆರೆ ಎಳೆದಿದ್ದ.

ಬೈಯೋಣ ಅಂದುಕೊಂಡೆ. ಆಮೇಲೆ ನೋಡಿದರೆ ಅವನು ಮಾಡಿದ ಹೆಜ್ಜೆ ಒಂದೂ ತಪ್ಪಿಲ್ಲ! ಕಾಗದದ ಮೇಲೆ ಎರಡು ಎಸ್ ಒಂದೇ ಥರ ಇದ್ದರೆ ಅವನೇನು ಮಾಡಬೇಕು? ವಾಲಿದ ಎಸ್ ಅಂದರೆ ದೂರ, ನೇರ ಎಸ್ ಅಂದರೆ ಸೆಕೆಂಡ್. ವಾಲಿದ ಎಂ ದ್ರವ್ಯರಾಶಿ, ನೇರ ಎಂ ಮೀಟರ್. ವಾಲಿದ ಜಿ ಗುರುತ್ವ ವೇಗೋತ್ಕರ್ಷ, 9.8. ನೇರ ಜಿ ಬರೀ ಗ್ರಾಂ.

ಬಳ್ಳಾರಿ ಬಿಸಿಲು (9.38)
ಹುಡುಗನಿಗೆ ಮಾರ್ಕ್ಸ್ ಕೊಟ್ಟಿರೋ ಇಲ್ಲವೋ?

ಸಿರುಗುಪ್ಪ ಮೇಡಂ (9.39)
ಅರ್ಧ ಕೊಟ್ಟೆ. ಇನ್ನರ್ಧ ನನ್ನ ತಪ್ಪಿಗೆ ಕಟ್.

ಮುನಿರಾಬಾದ್ ಕಾಲುವೆ (9.47)
ಮೇಡಂ ಹೇಳಿದ್ದು ಸರಿ. ಅದು ಯಾರದೋ ಅಭಿರುಚಿ ಅಲ್ಲ, ಬರೆದಿಟ್ಟ ನಿಯಮ. ಐಎಸ್‌ಒ 80000 ಅಂತ ಮಾನಕಗಳ ಸರಣಿ ಇದೆ, ಅದರ ಎರಡನೇ ಭಾಗ ಗಣಿತದ ಚಿಹ್ನೆಗಳಿಗೇ ಮೀಸಲು. ಬದಲಾಗುವ ಪರಿಮಾಣ ವಾಲಿರಬೇಕು. ಅಂಕಿ, ಅಳತೆಯ ಮಾನ, ಸೈನ್, ಕಾಸ್, ಲಾಗ್ ಥರದ ಹೆಸರಿರುವ ಫಂಕ್ಷನ್ ನೆಟ್ಟಗಿರಬೇಕು.

ನಾನು ನೀರಾವರಿ ಕೆಲಸದವನು. ನಮ್ಮ ಲೆಕ್ಕ ಸುಲಭ, ಹರಿವು = ಅಡ್ಡಕೊಯ್ತದ ವಿಸ್ತೀರ್ಣ × ವೇಗ. ಕ್ಯೂ = ಎ × ವಿ. ಮೂರೂ ವಾಲಬೇಕು. ಆದರೆ ಕ್ಯೂ ಕೆಳಗೆ ಸಣ್ಣಕ್ಷರದಲ್ಲಿ "ಗರಿಷ್ಠ" ಅಂತ ಹಾಕುತ್ತೇವಲ್ಲ, ಅದು ಬರೀ ಪದ, ನೆಟ್ಟಗಿರಬೇಕು. ಅದೇ ಜಾಗದಲ್ಲಿ 1, 2, 3 ಅಂತ ಓಡುವ ಐ ಇದ್ದರೆ ಅದು ವಾಲಬೇಕು, ಏಕೆಂದರೆ ಅದು ಬದಲಾಗುತ್ತದೆ. ಅಡಿಬರಹ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ.

ಇನ್ನೊಂದು. ಒಮ್ಮೆ ನನ್ನ ಕೈಗೆ ಬಂದ ಒಂದು ವರದಿಯಲ್ಲಿ ಟಿಎಂಸಿಯನ್ನು ಸಮೀಕರಣದೊಳಗೆ ಹಾಗೇ ಬಿಟ್ಟಿದ್ದರು. ಮೂರೂ ವಾಲಿದ ಅಕ್ಷರ. ಗಣಿತದ ಕಣ್ಣಲ್ಲಿ ಅದು ಟಿ ಗುಣಿಸು ಎಂ ಗುಣಿಸು ಸಿ! ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ ನೀರು. ಅದನ್ನು ಯಾರು ಗುಣಿಸುತ್ತಾರೆ?

ಬಳ್ಳಾರಿ ಬಿಸಿಲು (9.50)
ನೀರು ಬಂದರೆ ಸಾಕು ಸರ್, ವಾಲಿಕೊಂಡು ಬಂದರೂ ಪರವಾಗಿಲ್ಲ. ಈ ಸಲ ಎರಡನೇ ಬೆಳೆಗೆ ಬಿಡುತ್ತೀರಾ?

ಮುನಿರಾಬಾದ್ ಕಾಲುವೆ (9.51)
ಅದು ನನ್ನ ಕೈಯಲ್ಲಿಲ್ಲ ಮಾರಾಯಾ. ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿ, ಅದರ ಸಭೆಯಲ್ಲಿ ತೀರ್ಮಾನ ಆಗುತ್ತದೆ.

ಸಿಂಧನೂರು ಭತ್ತ (9.53)
ಕೊನೆ ಭಾಗದ ರೈತರಿಗೆ ಸಮೀಕರಣ ಗೊತ್ತು ಸರ್. ಮೇಲಿನವರು ಬಿಟ್ಟಷ್ಟು = ನಮಗೆ ಸಿಕ್ಕಷ್ಟು.

ಗಂಗಾವತಿ ಡಿಟಿಪಿ (9.58)
ವಿಷಯಕ್ಕೆ ಬರೋಣ. ವರ್ಡ್ ಬಳಸುವವರಿಗೆ ಹೇಗೆ ಅಂತ ಯಾರೂ ಹೇಳಲಿಲ್ಲ. ನಮ್ಮ ಅಂಗಡಿಗೆ ಬರುವ ಪೇಪರ್‌ನಲ್ಲಿ ಹತ್ತಕ್ಕೆ ಒಂಬತ್ತು ವರ್ಡ್‌ನದೇ.

ಸಿರುಗುಪ್ಪ ಮೇಡಂ (10.06)
ವರ್ಡ್‌ನಲ್ಲಿ ಆಲ್ಟ್ ಒತ್ತಿ = ಒತ್ತಿದರೆ ಸಮೀಕರಣದ ಪೆಟ್ಟಿಗೆ ಬರುತ್ತದೆ. ಅಲ್ಲೂ ಕೋಟ್ ಉಪಾಯ ನಡೆಯುತ್ತದೆ. ಕೋಟ್ ಒಳಗೆ ಪದ ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಕೋಟ್ ಮಾಯ, ಪದ ನೆಟ್ಟಗೆ. ಇಲ್ಲವೇ ಪದ ಸೆಲೆಕ್ಟ್ ಮಾಡಿ ಮೇಲಿನ ಸಮೀಕರಣದ ಟ್ಯಾಬ್‌ನಲ್ಲಿ ನಾರ್ಮಲ್ ಟೆಕ್ಸ್ಟ್ ಬಟನ್ ಒತ್ತಿ. ಸೈನ್‌ಗೆ ಏನೂ ಮಾಡಬೇಕಿಲ್ಲ. ಮೂರು ಅಕ್ಷರ ಹೊಡೆದು ಸ್ಪೇಸ್ ಒತ್ತಿದರೆ ಅದೇ ಗುರುತು ಹಿಡಿದು ನೆಟ್ಟಗೆ ಮಾಡುತ್ತದೆ. ಥೀಟಾ ಬೇಕಾದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನಲ್ಲಿ ಥೀಟಾ ಅಂತ ಹೊಡೆದು ಸ್ಪೇಸ್.

ಗಂಗಾವತಿ ಡಿಟಿಪಿ (10.10)
ಸೆಲೆಕ್ಟ್ ಮಾಡಿ ಕಂಟ್ರೋಲ್ ಐ ಒತ್ತಿದರೂ ನೆಟ್ಟಗಾಗುತ್ತದೆ ಮೇಡಂ. ನಾನು ಅದನ್ನೇ ಮಾಡುವುದು.

ಲಿನಕ್ಸ್ ಲಿಂಗಸುಗೂರು (10.14)
ಕಣ್ಣಿಗೆ ಒಂದೇ, ಒಳಗೆ ಬೇರೆ. ಕಂಟ್ರೋಲ್ ಐ ಒತ್ತಿದರೆ ಅದು ಇನ್ನೂ ಗಣಿತದ ಅಕ್ಷರವೇ, ವಾಲಿಲ್ಲ ಅಷ್ಟೇ. ಫಾಂಟ್ ಕೇಂಬ್ರಿಯಾ ಮ್ಯಾಥ್ ಬಿಟ್ಟು ಕದಲುವುದಿಲ್ಲ. ನಾರ್ಮಲ್ ಟೆಕ್ಸ್ಟ್ ಮಾಡಿದರೆ ಮಾತ್ರ ಅದು ನಿಜವಾಗಿ ಪಠ್ಯ ಆಗುತ್ತದೆ. ಆಗ ನಿಮಗೆ ಬೇಕಾದ ಕನ್ನಡ ಫಾಂಟ್ ಹಚ್ಚಬಹುದು. ನಿರ್ಮಲಾ, ತುಂಗಾ, ಏನು ಬೇಕೋ ಅದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಟ್ರೋಲ್ ಐ ಸಾಕು. ಕನ್ನಡ ಪದಕ್ಕೆ ಸಾಲದು.

ಗಂಗಾವತಿ ಡಿಟಿಪಿ (10.22)
ಓಹ್! ಈಗ ಒಂದು ಹಳೇ ಗಂಟು ಬಿಚ್ಚಿತು. ನಾವು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡುತ್ತೇವೆ, ಯೂನಿಕೋಡ್ ಅಲ್ಲ. ಹೊಸ ವರ್ಡ್‌ನ ಸಮೀಕರಣದಲ್ಲಿ ಕನ್ನಡ ಹೊಡೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಬ್ರಾಕೆಟ್ ಎಲ್ಲ ಕಲಸಿದ ಮಂಡಕ್ಕಿ ಥರ ಬರುತ್ತಿತ್ತು. ನುಡಿ ಕೆಟ್ಟಿದೆ ಅಂತ ಎರಡು ಸಲ ತೆಗೆದು ಮತ್ತೆ ಹಾಕಿದ್ದೆ.

ಲಿನಕ್ಸ್ ಲಿಂಗಸುಗೂರು (10.25)
ಹೌದು, ನುಡಿಯ ತಪ್ಪಿಲ್ಲ. ಹಳೇ ಫಾಂಟ್‌ನಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತವೇ, ಮೇಲೆ ಕನ್ನಡದ ಅಂಗಿ. ಗಣಿತದ ಪೆಟ್ಟಿಗೆ ಆ ಅಂಗಿ ಬಿಚ್ಚಿಸಿ ಕೇಂಬ್ರಿಯಾ ಮ್ಯಾಥ್ ತೊಡಿಸುತ್ತದೆ. ಒಳಗಿನದು ಬಯಲಾಗುತ್ತದೆ. ನಾರ್ಮಲ್ ಟೆಕ್ಸ್ಟ್ ಮಾಡಿ ಮತ್ತೆ ನುಡಿ ಫಾಂಟ್ ಕೊಡಿ, ಸರಿ ಹೋಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇದೆ, ಅದಕ್ಕೆ ಬಂದರೆ ಈ ಗೋಳೇ ಇಲ್ಲ.

ಗಂಗಾವತಿ ಡಿಟಿಪಿ (10.33)
ಬರಬೇಕು ಅಂತ ಹತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪೇಜ್‌ಮೇಕರ್‌ನಲ್ಲಿ ಕೈ ಪಳಗಿದೆ, ಬಿಡಲು ಮನಸ್ಸು ಬರುವುದಿಲ್ಲ.

ನಿಜ ಹೇಳಬೇಕು ಅಂದರೆ ಹಳೇ ಇಕ್ವೇಶನ್ ಎಡಿಟರ್ 3.0 ಇತ್ತಲ್ಲ, ನನಗೆ ಅದೇ ಇಷ್ಟ. ಸ್ಟೈಲ್ ಮೆನುವಿನಲ್ಲಿ ಡಿಫೈನ್ ಒತ್ತಿದರೆ ಪಠ್ಯ, ಫಂಕ್ಷನ್, ಚರಾಕ್ಷರ, ಗ್ರೀಕ್, ಅಂಕಿ, ಎಲ್ಲದರ ಪಟ್ಟಿ. ಪಕ್ಕದಲ್ಲೇ ದಪ್ಪ, ಓರೆ ಅಂತ ಟಿಕ್ ಹಾಕುವ ಮನೆ. ಪಠ್ಯಕ್ಕೆ ನುಡಿ ಕೊಟ್ಟು ಬಿಟ್ಟರೆ ಮುಗಿಯಿತು. ಕಂಟ್ರೋಲ್ ಶಿಫ್ಟ್ ಇ ಒತ್ತು, ಕನ್ನಡ ಹೊಡಿ. ಕಂಟ್ರೋಲ್ ಶಿಫ್ಟ್ = ಒತ್ತು, ಮತ್ತೆ ಗಣಿತ. ಒಂದು ರಾತ್ರಿಗೆ ಮೂರು ಪೇಪರ್ ಇಳಿಸುತ್ತಿದ್ದೆ. ಒಂದು ದಿನ ಬಂದು ಹಳೇ ಸಮೀಕರಣದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆಯುವುದೇ ಇಲ್ಲ ಅಂತು!

ಲಿನಕ್ಸ್ ಲಿಂಗಸುಗೂರು (10.36)
2018ರ ಜನವರಿಯ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದೇ ಹಾಕಿತು. ಆ ಎಡಿಟರ್‌ನ ಸಂದಿಯಿಂದ ವೈರಸ್‌ನವರು ಒಳಗೆ ನುಗ್ಗುತ್ತಿದ್ದರು. ಹಳೇ ಫೈಲಿನ ಸಮೀಕರಣ ತಿದ್ದಲೇಬೇಕು ಅಂದರೆ ಮ್ಯಾಥ್‌ಟೈಪ್ ಅನ್ನುವ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ.

ಗಂಗಾವತಿ ಡಿಟಿಪಿ (10.37)
ಅದಕ್ಕೆ ದುಡ್ಡು ಕೊಡಬೇಕಲ್ಲ.

ಬೆಂಗಳೂರಲ್ಲಿರೋ ರಾಯಚೂರಿಗ (10.41)
ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ಲಾಟೆಕ್ ಕಲಿಯಿರಿ, ಕಮಾಂಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್. ಪುಕ್ಕಟೆ. ಟೆಕ್ಸ್ಟ್ ಅಂತ ಒಂದು ಕಮಾಂಡ್ ಕೊಟ್ಟು ಹೂಬ್ರಾಕೆಟ್‌ನಲ್ಲಿ ಕನ್ನಡ ಹಾಕಿದರೆ ಮುಗಿಯಿತು. ಕನ್ನಡ ಫಾಂಟ್‌ಗೆ ಅದರದೇ ಇನ್ನೊಂದು ರೂಪ ಝೀಲಾಟೆಕ್ ಬಳಸಿ. 40 ವರ್ಷದಿಂದ ಜಗತ್ತಿನ ಗಣಿತದವರು ಅದರಲ್ಲೇ ಬರೆಯುತ್ತಿದ್ದಾರೆ.

ಕುಷ್ಟಗಿ ಗಣಿತ ಮೇಷ್ಟ್ರು (10.43)
ತಮ್ಮಾ, ಬೆಳಿಗ್ಗೆ 8ಕ್ಕೆ ಪೇಪರ್ ಕೊಡಬೇಕು ಅಂತ ಮೊದಲೇ ಬರೆದಿದ್ದೇನೆ.

ಬೆಂಗಳೂರಲ್ಲಿರೋ ರಾಯಚೂರಿಗ (10.45)
ಬೇಸಿಗೆ ರಜೆಯಲ್ಲಿ ಕಲಿಯಿರಿ ಸರ್, ಅಷ್ಟೇ ಹೇಳಿದ್ದು.

ಬಳ್ಳಾರಿ ಬಿಸಿಲು (10.46)
ಬೇಸಿಗೆ ರಜೆಯಲ್ಲಿ ನಮ್ಮ ಕಡೆ ಲ್ಯಾಪ್‌ಟಾಪ್ ಮುಟ್ಟಿ ನೋಡು, ದೋಸೆ ಹುಯ್ಯಬಹುದು.

ಹಳೇ ಅಚ್ಚುಮೊಳೆ (10.55)
ನಿದ್ದೆ ಬರಲಿಲ್ಲ, ಎಲ್ಲ ಓದಿದೆ. ನಾನು ಬಳ್ಳಾರಿಯ ಒಂದು ಸಣ್ಣ ಪ್ರೆಸ್‌ನಲ್ಲಿ ಮೊಳೆ ಜೋಡಿಸುತ್ತಿದ್ದವನು. ಕೈಯಿಂದ ಒಂದೊಂದೇ ಸೀಸದ ಮೊಳೆ ಎತ್ತಿ ಇಡುವ ಕಾಲ. ಗಣಿತದ ಪೇಪರ್ ಬಂದರೆ ಯಾರೂ ಕೈ ಹಾಕುತ್ತಿರಲಿಲ್ಲ. ಒಂದು ಭಿನ್ನರಾಶಿ ಅಂದರೆ ಮೇಲೆ ಅಂಶ, ನಡುವೆ ಹಿತ್ತಾಳೆ ಗೆರೆ, ಕೆಳಗೆ ಛೇದ, ಪಕ್ಕದ ಸಾಲಿಗೆ ಸರಿಹೊಂದಲು ಸುತ್ತ ಸಣ್ಣ ಸಣ್ಣ ಸ್ಪೇಸ್ ಚೂರು. ವರ್ಗಮೂಲ ಬಂದರೆ ಚಹಾ ಕುಡಿದು ಬಂದು ಕೂರುತ್ತಿದ್ದೆವು.

ಇಂಗ್ಲಿಷಿನ ಓರೆ ಮೊಳೆಗೆ ಬೇರೆಯೇ ಕೇಸ್ ಇತ್ತು, ಅಂದರೆ ಮೊಳೆ ಇಡುವ ಖಾನೆಗಳ ಪೆಟ್ಟಿಗೆ. ಎಕ್ಸ್, ವೈ, ಝಡ್ ಆ ಕೇಸ್‌ನಿಂದ ಎತ್ತಬೇಕು. ನೇರ ಕೇಸ್‌ನಿಂದ ಎತ್ತಿದರೆ ಪ್ರೂಫ್ ನೋಡುವ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸುತ್ತಿದ್ದರು. ನನಗೆ ಯಾಕೆ ಅಂತ ಗೊತ್ತಿರಲಿಲ್ಲ, ಮೇಡಂ ಹೇಳಿದ ಮೀಟರ್, ದ್ರವ್ಯರಾಶಿ ಕಥೆ ಓದಿ ಇವತ್ತು ಗೊತ್ತಾಯಿತು.

ಆದರೆ ನಮ್ಮ ಪ್ರೆಸ್‌ನಲ್ಲಿ ಕನ್ನಡಕ್ಕೆ ಓರೆ ಮೊಳೆಯೇ ಇರಲಿಲ್ಲ. ಒತ್ತಿ ಹೇಳಬೇಕು ಅಂದರೆ ದಪ್ಪ ಮೊಳೆ. ಕನ್ನಡ ಅಕ್ಷರ ದುಂಡಗಿನದು, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಅದನ್ನು ವಾಲಿಸಿದರೆ ಕುಡಿದು ಬಂದವನ ಹಾಗೆ ಕಾಣುತ್ತದೆ. ಈಗ ಕಂಪ್ಯೂಟರ್ ಬಗ್ಗಿಸುತ್ತದೆ ಅಂತ ಬಗ್ಗಿಸುತ್ತೀರಿ.

ಲಿನಕ್ಸ್ ಲಿಂಗಸುಗೂರು (10.59)
ಅಜ್ಜಾರೇ, ಸರಿಯಾಗಿ ಹೇಳಿದಿರಿ. ಈಗಲೂ ಬಹಳ ಕನ್ನಡ ಫಾಂಟ್‌ಗಳಲ್ಲಿ ನಿಜವಾದ ಓರೆ ಅಕ್ಷರ ಇಲ್ಲ. ಸಾಫ್ಟ್‌ವೇರ್ ನೆಟ್ಟಗಿರುವ ಅಕ್ಷರವನ್ನೇ ಹಿಡಿದು ಪಕ್ಕಕ್ಕೆ ತಳ್ಳುತ್ತದೆ. ಮೇಷ್ಟ್ರ "ವಿಸ್ತೀರ್ಣ" ಕೆಟ್ಟದಾಗಿ ಕಂಡಿದ್ದು ಅದಕ್ಕೂ ಹೌದು.

ಕೃಷಿ ವಿವಿ ಹುಡುಗಿ, ರಾಯಚೂರು (11.08)
ನಾನು ಥೀಸಿಸ್ ಬರೆಯುತ್ತಿದ್ದೇನೆ, ನನ್ನ ಗೋಳೂ ಕೇಳಿ. ನಮ್ಮಲ್ಲಿ ಟೇಬಲ್ ಕೆಳಗೆ ಎಸ್.ಇಎಂ ± (ಸರಾಸರಿಯ ಸ್ಟ್ಯಾಂಡರ್ಡ್ ಎರರ್) ಮತ್ತು ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್) ಅಂತ ಹಾಕಲೇಬೇಕು. ಅವುಗಳ ಸೂತ್ರ ಸಮೀಕರಣದಲ್ಲಿ ಬರೆದರೆ ಎಲ್ಲ ವಾಲಿಕೊಂಡು, ಸಿ ಗುಣಿಸು ಡಿ ಅನ್ನುವ ಹಾಗೆ ಬರುತ್ತದೆ. ಗೈಡ್ ಸರ್ "ಇದನ್ನು ನೆಟ್ಟಗೆ ಮಾಡು" ಅಂದರು. ನಾನು ಸೂತ್ರ ನೆಟ್ಟಗೆ ಮಾಡುವ ಭರದಲ್ಲಿ ಇಡೀ ಅಧ್ಯಾಯ ಸೆಲೆಕ್ಟ್ ಮಾಡಿ ಇಟಾಲಿಕ್ ತೆಗೆದುಬಿಟ್ಟೆ. ಈಗ ಹತ್ತಿಯ ವೈಜ್ಞಾನಿಕ ಹೆಸರು ಗಾಸಿಪಿಯಂ ಹಿರ್ಸುಟಮ್ ಎಲ್ಲ ಕಡೆ ನೆಟ್ಟಗೆ ನಿಂತಿದೆ. ಅದು ವಾಲಬೇಕಿತ್ತು!

ಸಿರುಗುಪ್ಪ ಮೇಡಂ (11.11)
ಅಯ್ಯೋ ಪಾಪ. ಫೈಂಡ್ ರಿಪ್ಲೇಸ್‌ನಲ್ಲಿ ಹೆಸರು ಹುಡುಕಿ, ಬದಲಿಗೆ ಅದೇ ಹೆಸರು ಇಟಾಲಿಕ್ ಮಾಡಿ ಕೊಡಮ್ಮಾ. ಒಂದೇ ಏಟಿಗೆ ಆಗುತ್ತದೆ. ಎಸ್.ಇಎಂ, ಸಿ.ಡಿ. ಎರಡಕ್ಕೂ ಕೋಟ್ ಹಾಕು.

ಕೃಷಿ ವಿವಿ ಹುಡುಗಿ, ರಾಯಚೂರು (11.13)
ಥ್ಯಾಂಕ್ಸ್ ಅಕ್ಕಾ. ಟಿ ಟೆಸ್ಟ್‌ನ ಟಿ?

ಮುನಿರಾಬಾದ್ ಕಾಲುವೆ (11.14)
ಅದು ವಾಲಲಿ. ಪಿ ಮೌಲ್ಯದ ಪಿ ಕೂಡ. ಅವು ಪರಿಮಾಣಗಳೇ.

ರಸಾಯನದ ರಂಪ (11.20)
ನೀರಿನ ಸೂತ್ರದ ಬಗ್ಗೆ ಯಾರೂ ಮಾತಾಡಿಲ್ಲ! ಎಚ್2ಒ ಅನ್ನು ಗಣಿತದ ಪೆಟ್ಟಿಗೆಯಲ್ಲಿ ವಾಲಿಸಿ ಹಾಕುವವರಿಗೆ ಏನು ಮಾಡಬೇಕು? ಧಾತುವಿನ ಚಿಹ್ನೆ ಚರಾಕ್ಷರ ಅಲ್ಲ. ಹೈಡ್ರೋಜನ್ ಬದಲಾಗುವುದಿಲ್ಲ.

ಲಿನಕ್ಸ್ ಲಿಂಗಸುಗೂರು (11.26)
ಲಿಬ್ರೆಆಫೀಸ್‌ನಲ್ಲಾದರೆ ಇಟಾಲಿಕ್ ಅನ್ನುವ ಇಂಗ್ಲಿಷ್ ಪದದ ಶುರುವಿಗೆ ಎನ್ ಅಕ್ಷರ ಅಂಟಿಸಿ, ಆಮೇಲೆ ಹೂಬ್ರಾಕೆಟ್‌ನಲ್ಲಿ ಇಡೀ ಸೂತ್ರ ಹಾಕಿ. ಅಷ್ಟೂ ನೆಟ್ಟಗಾಗುತ್ತದೆ, ಅಡಿಬರಹದ 2 ತನ್ನ ಜಾಗದಲ್ಲೇ ಇರುತ್ತದೆ. ಕೋಟ್ ಒಳಗೆ ಇಡೀ ಸೂತ್ರ ಹಾಕಿದರೆ 2 ಕೆಳಗಿಳಿಯುವುದಿಲ್ಲ, ಅಲ್ಲಿ ಎಲ್ಲರೂ ಎಡವುತ್ತಾರೆ.

ಅದೇ ಥರ, ಸೈನ್, ಟ್ಯಾನ್ ಅದಕ್ಕೆ ಮೊದಲೇ ಗೊತ್ತು. ಗೊತ್ತಿಲ್ಲದ ಫಂಕ್ಷನ್ ಹೆಸರು ಬೇಕಾದರೆ ಎಫ್-ಯು-ಎನ್-ಸಿ ಅಂತ ಮೊದಲು ಹೊಡೆದು ಆಮೇಲೆ ಹೆಸರು ಬರೆಯಿರಿ. ಥೀಟಾಗೆ ಪರ್ಸೆಂಟ್ ಚಿಹ್ನೆ ಹಾಕಿ ಥೀಟಾ. ಪರ್ಸೆಂಟ್ ಆದ ಮೇಲೆ ಒಂದು ಐ ಸೇರಿಸಿದರೆ ವಾಲಿದ ಥೀಟಾ ಬರುತ್ತದೆ.

ಕುಷ್ಟಗಿ ಗಣಿತ ಮೇಷ್ಟ್ರು (11.34)
ಅಬ್ಬಾ, ಥೀಟಾ ಎಲ್ಲಿದೆ ಅಂತ ಹುಡುಕಿ ಸಾಕಾಗಿ ತ್ರಿಕೋನಮಿತಿ ಪ್ರಶ್ನೆಯಲ್ಲಿ ಸೊನ್ನೆಗೆ ಅಡ್ಡಗೆರೆ ಹಾಕಿದ್ದೆ. ತಿದ್ದುತ್ತೇನೆ.

ಈಗ ಎಲ್ಲಿಗೆ ಬಂತು ಅಂದರೆ, 31ರಲ್ಲಿ 19 ಸರಿ ಮಾಡಿದ್ದೇನೆ. ಸೆಂ.ಮೀ. ಎಲ್ಲ ಕೋಟ್ ಒಳಗೆ ಹೋಯಿತು. 23ನೇ ಪ್ರಶ್ನೆ ನೋಡಿ ಎಷ್ಟು ಚೆಂದ ಬಂದಿದೆ: "ಎಕ್ಸ್² − 5ಎಕ್ಸ್ + 7 = 0 ಈ ಸಮೀಕರಣದ ವಾಸ್ತವ ಮೂಲಗಳನ್ನು ಕಂಡುಹಿಡಿಯಿರಿ." ಎಕ್ಸ್ ವಾಲಿದೆ, ಅಂಕಿ ನೆಟ್ಟಗಿದೆ. ಪುಸ್ತಕದ ಹಾಗೇ ಇದೆ.

ಸಿರುಗುಪ್ಪ ಮೇಡಂ (11.36)
ಚೆನ್ನಾಗಿದೆ ಸರ್. ನಮಗೂ ಒಂದು ಕಾಪಿ ಕಳಿಸಿ.

ಮುನಿರಾಬಾದ್ ಕಾಲುವೆ (11.38)
ಅಚ್ಚುಕಟ್ಟಾಗಿದೆ.

ಬೆಂಗಳೂರಲ್ಲಿರೋ ರಾಯಚೂರಿಗ (11.41)
ಮೈನಸ್ ಚಿಹ್ನೆ ಸರಿಯಾಗಿ ಹಾಕಿದ್ದೀರಿ. ಬಹಳ ಜನ ಸಣ್ಣ ಹೈಫನ್ ಹಾಕುತ್ತಾರೆ.

ಬಳ್ಳಾರಿ ಬಿಸಿಲು (11.45)
ನನ್ನದು ಇನ್ನೊಂದು ತಕರಾರು. ಕನ್ನಡ ಮಾಧ್ಯಮದ ಪೇಪರ್‌ನಲ್ಲಿ ಎಕ್ಸ್, ವೈ ಯಾಕೆ? ಕ, ಖ ಅಂತ ಚರಾಕ್ಷರ ಇಟ್ಟರೆ ಇಷ್ಟು ಕಿತ್ತಾಟವೇ ಇರುತ್ತಿರಲಿಲ್ಲ.

ಹಳೇ ಅಚ್ಚುಮೊಳೆ (11.48)
ಆಗ ಕ ವಾಲಬೇಕೋ ನೆಟ್ಟಗಿರಬೇಕೋ?

ಬಳ್ಳಾರಿ ಬಿಸಿಲು (11.49)
...

ಮುನಿರಾಬಾದ್ ಕಾಲುವೆ (11.57)
ಬಿಸಿಲಣ್ಣ ತಮಾಷೆಗೆ ಹೇಳಿದರೂ ಹೊಸದೇನಲ್ಲ. ನಮ್ಮ ಹಳೇ ಗಣಿತದವರು ಗೊತ್ತಿಲ್ಲದ ಸಂಖ್ಯೆಗೆ ಯಾವತ್ತಾವತ್ ಅನ್ನುತ್ತಿದ್ದರು, ಎಷ್ಟೋ ಅಷ್ಟು ಅಂತ ಅರ್ಥ. ಎರಡನೆಯ ಗೊತ್ತಿಲ್ಲದ್ದು ಬಂದರೆ ಬಣ್ಣದ ಹೆಸರು. ಕಾಲಕ ಅಂದರೆ ಕಪ್ಪು, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ಹನ್ನೆರಡನೇ ಶತಮಾನದ ಎರಡನೇ ಭಾಸ್ಕರಾಚಾರ್ಯರು ಹೀಗೇ ಬರೆದಿದ್ದಾರೆ. ಎಕ್ಸ್, ವೈ, ಝಡ್ ಪದ್ಧತಿ ಡೆಕಾರ್ತೆ 1637ರಲ್ಲಿ ಹಾಕಿಕೊಟ್ಟಿದ್ದು. ಗೊತ್ತಿರುವುದಕ್ಕೆ ಎ, ಬಿ, ಸಿ, ಗೊತ್ತಿಲ್ಲದ್ದಕ್ಕೆ ಕೊನೆಯ ಅಕ್ಷರಗಳು.

ಸಿಂಧನೂರು ಭತ್ತ (11.59)
ಕಾ + ನೀ = ಕಾಣೆ. ನಮ್ಮ ಕಾಲುವೆ ನೀರಿನ ಹಾಗೆ.

ಸಿರುಗುಪ್ಪ ಮೇಡಂ (ಬೆಳಗಿನ ಜಾವ 12.04)
ಮಲಗಿ ಎಲ್ಲರೂ. ಮೇಷ್ಟ್ರೇ, ಒಂದು ಮಾತು. ಸದಿಶ (ವೆಕ್ಟರ್) ಏನಾದರೂ ಇದ್ದರೆ ದಪ್ಪ ಅಕ್ಷರದ ಬದಲು ಬಾಣ ಹಾಕಿ. ಮಕ್ಕಳು ಪೆನ್ನಿನಲ್ಲಿ ದಪ್ಪ ಬರೆಯಲು ಆಗುವುದಿಲ್ಲ.

ಕುಷ್ಟಗಿ ಗಣಿತ ಮೇಷ್ಟ್ರು (12.07)
ಹತ್ತನೇ ಕ್ಲಾಸಿಗೆ ಸದಿಶ ಇಲ್ಲ ಮೇಡಂ, ಬಚಾವ್. 31 ಮುಗಿಯಿತು. ಪಿಡಿಎಫ್ ಮಾಡಿದೆ. ಎಲ್ಲರಿಗೂ ಬಹಳ ಥ್ಯಾಂಕ್ಸ್. ಕುಷ್ಟಗಿಗೆ ಬಂದರೆ ಮಿರ್ಚಿ ಮಂಡಕ್ಕಿ ನನ್ನ ಲೆಕ್ಕ.

ಗಂಗಾವತಿ ಡಿಟಿಪಿ (ಬೆಳಿಗ್ಗೆ 6.40)
ನಾನೂ ರಾತ್ರಿ ಒಂದು ಹಳೇ ಪೇಪರ್ ನಾರ್ಮಲ್ ಟೆಕ್ಸ್ಟ್ ಮಾಡಿ ನೋಡಿದೆ. ನುಡಿ ಬಂತು! ಇನ್ನು ಪಿಕ್ಚರ್ ಮಾಡುವುದು ಬಂದ್.

ಕೃಷಿ ವಿವಿ ಹುಡುಗಿ, ರಾಯಚೂರು (7.35)
ಸರ್, ಗುಡ್ ಮಾರ್ನಿಂಗ್. ನಿಮ್ಮ 23ನೇ ಪ್ರಶ್ನೆ ನನ್ನ ತಮ್ಮನಿಗೆ ಕೊಟ್ಟೆ, ಅವನೂ ಹತ್ತನೇ ಕ್ಲಾಸು. ಅರ್ಧ ಗಂಟೆಯಿಂದ ಕೂತಿದ್ದಾನೆ. ಬಿ ವರ್ಗ 25, 4ಎಸಿ 28. ಕಳೆದರೆ ಶೋಧಕ ಮೈನಸ್ 3 ಬರುತ್ತಿದೆ, ಸೊನ್ನೆಗಿಂತ ಕಡಿಮೆ. ವಾಸ್ತವ ಮೂಲ ಎಲ್ಲಿಂದ ತರಬೇಕು?

ಲಿನಕ್ಸ್ ಲಿಂಗಸುಗೂರು (7.38)
ಹೌದಲ್ಲ! ರಾತ್ರಿ ನಾವೆಲ್ಲ ಎಕ್ಸ್ ವಾಲಿದೆಯಾ ಅಂತಲೇ ನೋಡುತ್ತಾ ಕೂತೆವು.

ಸಿರುಗುಪ್ಪ ಮೇಡಂ (7.39)
7 ಅಲ್ಲ, 6 ಇರಬೇಕು. ಮೂಲಗಳು 2 ಮತ್ತು 3. ಮೇಷ್ಟ್ರೇ, ಎಲ್ಲಿದ್ದೀರಿ?

ಕುಷ್ಟಗಿ ಗಣಿತ ಮೇಷ್ಟ್ರು (7.52)
ಝೆರಾಕ್ಸ್ ಅಂಗಡಿಯಲ್ಲಿ. 40 ಕಾಪಿ ಆಗಿದೆ. ನಿಲ್ಲಿಸು ನಿಲ್ಲಿಸು ಅಂತ ಕೂಗುತ್ತಿದ್ದೇನೆ, ಮಷಿನ್ ಸದ್ದಿಗೆ ಕೇಳುತ್ತಿಲ್ಲ.